ಸಂಬಳವಿಲ್ಲದ ವಿದೇಶಾಂಗ ನೀತಿ ಇಂಟರ್ನ್‌ಶಿಪ್: ಬೆಂಗಳೂರಲ್ಲಿದ್ದುಕೊಂಡೇ ಮಾಡುವುದು ಹೇಗೆ?

‘ಅಂತಾರಾಷ್ಟ್ರೀಯ ರಾಜಕಾರಣದಲ್ಲಿ ನನಗೆ ಅಪಾರ ಆಸಕ್ತಿ ಇದೆ.’ ನೀತಿ ಸಂಶೋಧನೆ ಮಾಡುವ ಥಿಂಕ್ ಟ್ಯಾಂಕ್‌ಗಳಿಗೆ ಬರುವ ಎಷ್ಟೋ ಅರ್ಜಿಗಳ ಮೊದಲ ಸಾಲು ಇದು. ಆಸಕ್ತಿ ಯಾರಿಗಿಲ್ಲ? ದರ್ಶಿನಿಯ ಮುಂದೆ ನಿಂತು ಬೈ-ಟು ಕಾಫಿ ಹೀರುವವರಿಗೂ ಚೀನಾ, ಅಮೆರಿಕ, ಪಾಕಿಸ್ತಾನದ ಬಗ್ಗೆ ಗಟ್ಟಿ ಅಭಿಪ್ರಾಯಗಳಿವೆ. ಆ ಲೋಟದೊಳಗಿನ ಕಾಫಿಗೂ ಬ್ರಸೆಲ್ಸ್‌ನಲ್ಲಿ ಬರೆದ ಒಂದು ಕಾನೂನಿಗೂ ಏನು ನಂಟು ಎಂದು ಮೂಲ ದಾಖಲೆ ಹಿಡಿದು ಹುಡುಕಿ, ಆರು ಪುಟದಲ್ಲಿ ತಪ್ಪಿಲ್ಲದೆ ಬರೆದುಕೊಡುವವರು ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಸಂಶೋಧನಾ ಇಂಟರ್ನ್‌ನಿಂದ ಸಂಸ್ಥೆ ಬಯಸುವುದು ಈ ಕೆಲಸವನ್ನೇ.

ಪದವಿ ಮುಗಿಸಿದವರಿಗೂ ಐಟಿ, ಬ್ಯಾಂಕು, ವಕೀಲಿಕೆ, ಪತ್ರಿಕೋದ್ಯಮದಲ್ಲಿ ಇರುವವರಿಗೂ ಈ ದಾರಿ ತೆರೆದಿದೆ. ಆದರೆ ದುಡ್ಡು ಬರುವುದಿಲ್ಲ. ಹಾಗಾಗಿ ಮುಗಿದ ಮೇಲೆ ಕೈಯಲ್ಲಿ ಏನು ಉಳಿಯಬೇಕು ಎಂಬುದನ್ನು ಸೇರುವ ಮೊದಲೇ ತೀರ್ಮಾನಿಸಿಕೊಳ್ಳಿ. ನಿಮ್ಮ ಹೆಸರು ಹೊತ್ತ ಒಂದು ಬರಹ, ಅದನ್ನು ಸಾಲು ಸಾಲಾಗಿ ತಿದ್ದಿದ ಒಬ್ಬ ಹಿರಿಯ ಸಂಶೋಧಕರ ಪರಿಚಯ: ಇವೆರಡೂ ಸಿಗುವುದಿಲ್ಲ ಎಂದಾದರೆ ಹೋಗಬೇಡಿ.

ಎಲ್ಲಿ ಕೇಳಬೇಕು

ಭಾರತದ ವಿದೇಶಾಂಗ ನೀತಿಯ ದೊಡ್ಡ ಸಂಸ್ಥೆಗಳು ಹೆಚ್ಚಾಗಿ ದೆಹಲಿಯಲ್ಲಿವೆ. ಸಪ್ರು ಹೌಸ್‌ನ ವಿಶ್ವ ವ್ಯವಹಾರಗಳ ಭಾರತೀಯ ಮಂಡಳಿ 1943ರಲ್ಲಿ ಹುಟ್ಟಿದ್ದು. ಈಗ ಮನೋಹರ್ ಪರ‍್ರಿಕರ್ ಹೆಸರಿನಲ್ಲಿರುವ ರಕ್ಷಣಾ ಅಧ್ಯಯನ ಸಂಸ್ಥೆ 1965ರದು, ಅಬ್ಸರ್ವರ್ ರಿಸರ್ಚ್ ಫೌಂಡೇಶನ್ 1990ರದು. ಮುಂಬೈಯಲ್ಲಿ ಗೇಟ್‌ವೇ ಹೌಸ್ ಇದೆ. ಬೆಂಗಳೂರಿನಲ್ಲಿ ಐಐಎಸ್‌ಸಿ ಆವರಣದೊಳಗಿನ ನಿಯಾಸ್ (ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ) ಮತ್ತು 2009ರಲ್ಲಿ ಆರಂಭವಾದ ತಕ್ಷಶಿಲಾ ಸಂಸ್ಥೆಯನ್ನು ಮೊದಲು ನೋಡಿ. ಜೆ.ಆರ್.ಡಿ. ಟಾಟಾ ಅವರ ಕನಸಾಗಿದ್ದ ನಿಯಾಸ್‌ನಲ್ಲಿ ಅಂತಾರಾಷ್ಟ್ರೀಯ ಭದ್ರತೆಗೆಂದೇ ಒಂದು ಅಧ್ಯಯನ ವಿಭಾಗವಿದೆ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಪ್ರಾಧ್ಯಾಪಕರು ಅಂತಾರಾಷ್ಟ್ರೀಯ ಕಾನೂನಿನ ಯೋಜನೆ ನಡೆಸುತ್ತಿದ್ದರೆ ಅಲ್ಲೂ ಕೇಳಬಹುದು. ನಿಯಮಗಳು ವರ್ಷವರ್ಷ ಬದಲಾಗುವುದರಿಂದ ಹೋದ ವರ್ಷದ ಪ್ರಕಟಣೆಯನ್ನು ನೆಚ್ಚಿಕೊಳ್ಳಬೇಡಿ.

ವಿದೇಶಾಂಗ ಸಚಿವಾಲಯದ್ದೇ ಇಂಟರ್ನ್‌ಶಿಪ್ ಬೇರೆ ಇದೆ. ಅದಕ್ಕೆ ಪದವಿ ಆಗಿರಬೇಕು, 25ರ ವಯೋಮಿತಿ ಇದೆ, ತಿಂಗಳಿಗೆ 10,000 ರೂಪಾಯಿ ಗೌರವಧನವೂ ಇದೆ. ನೌಕರಿಯಲ್ಲಿ ಹತ್ತು ವರ್ಷ ಕಳೆದವರಿಗೆ ಆ ಬಾಗಿಲು ಮುಚ್ಚಿದಂತೆಯೇ. ಅಂಥವರಿಗೆ ಥಿಂಕ್ ಟ್ಯಾಂಕ್‌ನ ಸ್ವಯಂಸೇವೆಯೇ ಗತಿ. ಬೇಸರಪಡಬೇಕಿಲ್ಲ, ಸರಕು ಸಾಗಣೆ, ಚಿಪ್ ವಿನ್ಯಾಸ, ಉಪಗ್ರಹ, ಪೇಟೆಂಟ್ ಕೆಲಸ ಮಾಡಿದವರ ಅನುಭವಕ್ಕೆ ಇಂಥ ಕಡೆ ಬೆಲೆ ಹೆಚ್ಚು. ರಾಜ್ಯಶಾಸ್ತ್ರ ಓದಿದವರು ದೆಹಲಿಯಲ್ಲಿ ಬೇಕಾದಷ್ಟು ಸಿಗುತ್ತಾರೆ. ರಫ್ತು ಪರವಾನಗಿಯ ಅರ್ಜಿ ತುಂಬಿ ಗೊತ್ತಿರುವ ಪೀಣ್ಯದ ಎಂಜಿನಿಯರ್ ಸಿಗುವುದಿಲ್ಲ.

ಸೇರುವ ಮುನ್ನ ಕೇಳಲೇಬೇಕಾದದ್ದು

ಇವನ್ನು ಫೋನಿನಲ್ಲಿ ಕೇಳಿದರೆ ಸಾಲದು, ಇ-ಮೇಲ್‌ನಲ್ಲಿ ಉತ್ತರ ಪಡೆಯಿರಿ: ನನ್ನ ಕೆಲಸ ನೋಡುವವರು ಯಾರು? ವಾರಕ್ಕೆ ಎಷ್ಟು ಗಂಟೆ? ಬರಹ ಪ್ರಕಟವಾದರೆ ನನ್ನ ಹೆಸರು ಎಲ್ಲಿ ಬರುತ್ತದೆ, ಲೇಖಕರ ಸಾಲಿನಲ್ಲೋ ಕೊನೆಯ ಕೃತಜ್ಞತೆಯಲ್ಲೋ? ಓಡಾಟದ ಖರ್ಚು, ಪಾವತಿಸಿ ನೋಡಬೇಕಾದ ಜರ್ನಲ್‌ಗಳ ಪ್ರವೇಶ ಯಾರದು?

ಹೆಸರಿನ ವಿಚಾರದಲ್ಲಿ ಸಂಕೋಚ ಬೇಡ. ಕೃತಿಸ್ವಾಮ್ಯ ಕಾಯ್ದೆ 1957ರ 17ನೇ ಸೆಕ್ಷನ್ ಪ್ರಕಾರ ಕೃತಿಯ ಮೊದಲ ಒಡೆಯ ಸಾಮಾನ್ಯವಾಗಿ ಅದನ್ನು ಬರೆದವನೇ. ನೌಕರಿಯ ಕರಾರಿನಡಿ ಬರೆದದ್ದು ಮಾತ್ರ ಮಾಲೀಕನಿಗೆ ಹೋಗುತ್ತದೆ. ಸಂಬಳವಿಲ್ಲದ ಸ್ವಯಂಸೇವಕ ನೌಕರನಲ್ಲದಿದ್ದರೆ, ಹಕ್ಕನ್ನು ಲಿಖಿತವಾಗಿ ಬರೆದುಕೊಟ್ಟಾಗ ಮಾತ್ರ ಅದು ಸಂಸ್ಥೆಯದಾಗುತ್ತದೆ. ಸೇರುವ ದಿನ ಮುಂದಿಡುವ ಮೂರ್ನಾಲ್ಕು ಪುಟದ ಕಾಗದದಲ್ಲಿ ಈ ಸಾಲು ಇದ್ದೇ ಇರುತ್ತದೆ. ಓದಿ ಸಹಿ ಹಾಕಿ. ಹಕ್ಕು ಸಂಸ್ಥೆಗೆ ಹೋದರೂ ಹೆಸರು ನಿಮ್ಮದಿರಲಿ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಇಂಟರ್ನ್‌ಶಿಪ್ ಕೊಡುವುದಕ್ಕೇ ನಿಮ್ಮಿಂದ ಶುಲ್ಕ ಕೇಳುವವರೂ ಇದ್ದಾರೆ. ಅದು ಸಂಶೋಧನೆಯಲ್ಲ, ಪ್ರಮಾಣಪತ್ರದ ವ್ಯಾಪಾರ.

ನೌಕರಿಯಲ್ಲಿರುವವರು ಇನ್ನೊಂದು ಕೆಲಸ ಮಾಡಬೇಕು. ನೇಮಕಾತಿ ಕರಾರು ತೆಗೆದು ‘ಹೊರಗಿನ ಚಟುವಟಿಕೆ’ ಎಂಬ ಭಾಗ ಹುಡುಕಿ. ದುಡ್ಡು ತೆಗೆದುಕೊಳ್ಳುತ್ತಿಲ್ಲವಲ್ಲ ಎಂಬ ಸಮಾಧಾನ ಸಾಲದು; ಎಷ್ಟೋ ಕರಾರುಗಳು ಸಂಬಳವಿಲ್ಲದ ಕೆಲಸಕ್ಕೂ ಲಿಖಿತ ಅನುಮತಿ ಬೇಕೆನ್ನುತ್ತವೆ. ಎಚ್‌ಆರ್‌ಗೆ ಬರೆಯುವ ಪತ್ರದಲ್ಲಿ ವಿಷಯ, ವಾರದ ಗಂಟೆಗಳು, ಕಂಪನಿಯ ಲ್ಯಾಪ್‌ಟಾಪ್ ಬಳಸುವುದಿಲ್ಲ, ಗ್ರಾಹಕರ ಮಾಹಿತಿ ಮುಟ್ಟುವುದಿಲ್ಲ ಎಂಬ ನಾಲ್ಕು ಸಾಲು ಇದ್ದರೆ ಸಾಕು. ರಕ್ಷಣಾ ವಲಯದ ಗುತ್ತಿಗೆ ಕಂಪನಿಯಲ್ಲಿದ್ದು ರಕ್ಷಣಾ ಖರೀದಿಯ ಬಗ್ಗೆಯೇ ಬರೆಯುತ್ತೇನೆ ಎಂದರೆ ಅನುಮತಿ ಸಿಕ್ಕರೂ ಬೇಡ. ಹಿತಾಸಕ್ತಿ ಸಂಘರ್ಷದ ಪ್ರಶ್ನೆ ಎದ್ದರೆ ಮುಳುಗುವುದು ಇಡೀ ವರದಿ.

ಅರ್ಜಿ ಮತ್ತು ಪ್ರಶ್ನೆ

ಅರ್ಜಿಗೆ ಬೇಕಾದ್ದು ಮೂರೇ: ಒಂದು ಪುಟದ ಬಯೋಡೇಟಾ, 1,000 ಪದ ಮೀರದ ಬರವಣಿಗೆಯ ಮಾದರಿ, ಒಂದು ಪುಟದ ಸಂಶೋಧನಾ ಟಿಪ್ಪಣಿ. ಎಂ.ಎ. ಪ್ರಬಂಧದ 80 ಪುಟ ಕಳಿಸಬೇಡಿ, ಯಾರೂ ತೆರೆಯುವುದಿಲ್ಲ. ಮಾದರಿ ಬರಹದಲ್ಲಿ ಅಡಿಟಿಪ್ಪಣಿಗಳನ್ನು ಉಳಿಸಿಕೊಳ್ಳಿ. ಅನುಭವಿಗಳು ಮೊದಲು ಕಣ್ಣು ಹಾಯಿಸುವುದು ಅಲ್ಲಿಗೇ. ಎಲ್ಲ ಟಿಪ್ಪಣಿಯೂ ಪತ್ರಿಕಾ ವರದಿಗಳೇ ಆಗಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಆಯ್ಕೆ ನಿಂತಿರುವುದು ಸಂಶೋಧನಾ ಟಿಪ್ಪಣಿಯ ಮೇಲೆ. ‘ಭಾರತ–ಯುರೋಪ್ ವ್ಯಾಪಾರ ಸಂಬಂಧಗಳು’ ಎಂಬುದು ಪ್ರಶ್ನೆಯಲ್ಲ, ಗ್ರಂಥಾಲಯದ ಒಂದು ಕಪಾಟು. ಅದನ್ನು ಇಳಿಸುತ್ತ ಬನ್ನಿ. ಐರೋಪ್ಯ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆ ನಿಯಮ ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್, ಸೋಯಾ, ತಾಳೆಎಣ್ಣೆ, ಮರ, ದನದ ಉತ್ಪನ್ನ ಅಲ್ಲಿನ ಮಾರುಕಟ್ಟೆಗೆ ಬರುವಂತಿಲ್ಲ ಎನ್ನುತ್ತದೆ ಅದು. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಕರ್ನಾಟಕದ್ದು. ಕಾಫಿ ಮಂಡಳಿಯ ಕೇಂದ್ರ ಕಚೇರಿ ಇರುವುದು ಇಲ್ಲೇ, ವಿಧಾನಸೌಧದ ಮುಂದಿನ ಅಂಬೇಡ್ಕರ್ ವೀದಿಯಲ್ಲಿ. ಈಗ ಪ್ರಶ್ನೆ ಹೀಗಾಗುತ್ತದೆ: ‘ಈ ನಿಯಮ ಕೇಳುವ ಜಾಗದ ಗುರುತನ್ನು (ತೋಟದ ಅಕ್ಷಾಂಶ–ರೇಖಾಂಶ) ಕೊಡಗಿನ ಸಣ್ಣ ಬೆಳೆಗಾರರ ಪರವಾಗಿ ಯಾರು ಒದಗಿಸಬೇಕು: ಮಂಡಳಿಯೋ, ರಫ್ತುದಾರನೋ, ಆಮದುದಾರನೋ?’ ಇಂಟರ್ನ್‌ಶಿಪ್‌ನ ಹನ್ನೆರಡು ವಾರದಲ್ಲಿ ಉತ್ತರಿಸಬಹುದಾದ ಪ್ರಶ್ನೆ ಎಂದರೆ ಇದು. ದೆಹಲಿಯವರಿಗಿಂತ ನಿಮಗೆ ಇದು ಹತ್ತಿರ. ಮಡಿಕೇರಿಗೆ ಬಸ್ ಹತ್ತಿ, ಬೆಳೆಗಾರರ ಜೊತೆ ಕನ್ನಡದಲ್ಲೇ ಮಾತಾಡಬಹುದು. ‘ಕನ್ನಡ ಓದಲು, ಬರೆಯಲು, ಮಾತಾಡಲು ಬರುತ್ತದೆ’ ಎಂಬುದನ್ನು ಬಯೋಡೇಟಾದ ಕೊನೆಯ ಸಾಲಲ್ಲಿ ಬಚ್ಚಿಡದೆ ಸಂಶೋಧನಾ ಟಿಪ್ಪಣಿಯಲ್ಲೇ ಹೇಳಿ.

ಕಾಫಿ ಒಲ್ಲದವರಿಗೂ ಊರಲ್ಲಿ ವಿಷಯಗಳು ಬಿದ್ದಿವೆ. ಆಯುಧ, ಸೂಕ್ಷ್ಮ ತಂತ್ರಜ್ಞಾನದ ರಫ್ತು ನಿಯಂತ್ರಿಸುವ ವಾಸೆನಾರ್ ಒಕ್ಕೂಟಕ್ಕೆ 2017ರಲ್ಲಿ ಸೇರಿದ ಭಾರತ, ನಾಗರಿಕರಿಗೂ ಸೇನೆಗೂ ಬಳಕೆಯಾಗುವ ‘ದ್ವಿಬಳಕೆ’ ವಸ್ತುಗಳ ರಫ್ತು ನಿಯಂತ್ರಣಕ್ಕೆ ಸ್ಕೋಮೆಟ್ ಎಂಬ ಪಟ್ಟಿ ಇಟ್ಟಿದೆ. ಇಲ್ಲಿನ ಡ್ರೋನ್ ಸ್ಟಾರ್ಟಪ್‌ಗಳಿಗೆ ಅದು ದಿನನಿತ್ಯದ ತಲೆನೋವು. ಅಮೆರಿಕದ ಮುಂದಾಳತ್ವದ ಬಾಹ್ಯಾಕಾಶ ಸಹಕಾರದ ಆರ್ಟೆಮಿಸ್ ಒಪ್ಪಂದಕ್ಕೆ ಭಾರತ 2023ರ ಜೂನ್‌ನಲ್ಲಿ ಸಹಿ ಹಾಕಿದ್ದರಿಂದ ಖಾಸಗಿ ಬಾಹ್ಯಾಕಾಶ ಕಂಪನಿಗಳಿಗೆ ಏನಾಯಿತು? ಬೈಲಕುಪ್ಪೆಯ ಟಿಬೆಟನ್ನರ ಪ್ರಯಾಣ ದಾಖಲೆಗಳ ಕಥೆಯೇನು? ಗಡಿ, ಕ್ಷಿಪಣಿ, ಯುದ್ಧವೇ ವಿದೇಶಾಂಗ ನೀತಿ ಎಂದುಕೊಂಡವರಿಗೆ ಇವು ಸಪ್ಪೆ ಎನಿಸಬಹುದು. ಸಪ್ಪೆ ವಿಷಯಗಳಲ್ಲೇ ಹೊಸಬರಿಗೆ ಜಾಗವಿರುವುದು.

ಮೊದಲ ಮೂರು ವಾರ: ಮೂಲ ದಾಖಲೆ

ಸುದ್ದಿ ಓದುವ ಮೊದಲು ಕಾನೂನು ಓದಿ. ಕಾಫಿಯ ಉದಾಹರಣೆಯನ್ನೇ ಹಿಡಿದರೆ, ಐರೋಪ್ಯ ಒಕ್ಕೂಟದ ಕಾನೂನುಗಳಿರುವ ಯೂರ್-ಲೆಕ್ಸ್ ತಾಣದಲ್ಲಿ 2023/1115 ಎಂಬ ಸಂಖ್ಯೆ ಹಾಕಿ, ತಿದ್ದುಪಡಿಗಳನ್ನು ಸೇರಿಸಿದ ಕ್ರೋಡೀಕೃತ ಪಠ್ಯವನ್ನೇ ಇಳಿಸಿಕೊಳ್ಳಿ. ಮೊದಲ ಪಠ್ಯ ನಂಬಿ ಕೂತರೆ ದಿನಾಂಕದಲ್ಲೇ ಎಡವುತ್ತೀರಿ. 2024ರ ಡಿಸೆಂಬರ್ 30ರಿಂದ ಅನ್ವಯಿಸಬೇಕಿದ್ದ ನಿಯಮವನ್ನು ಒಂದಲ್ಲ, ಎರಡು ಸಲ ಮುಂದೂಡಿದ್ದಾರೆ.

ಓದುವಾಗ ಸಿಗುವ ವಿವರಗಳೇ ನಿಮ್ಮ ಬಂಡವಾಳ. 4 ಹೆಕ್ಟೇರ್ ಮೀರಿದ ತೋಟಕ್ಕೆ ಸುತ್ತಳತೆಯ ಬಿಂದುಗಳೆಲ್ಲ ಬೇಕು. ಅದಕ್ಕಿಂತ ಚಿಕ್ಕದಾದರೆ ಒಂದೇ ಬಿಂದುವಿನ ಅಕ್ಷಾಂಶ–ರೇಖಾಂಶ ಸಾಕು, ದಶಮಾಂಶದ ನಂತರ ಆರು ಅಂಕಿಗಳಿರಬೇಕು. ಕಾಫಿ ಮಂಡಳಿಯ ಲೆಕ್ಕದಲ್ಲಿ ಸಣ್ಣ ಬೆಳೆಗಾರ ಎಂದರೆ 10 ಹೆಕ್ಟೇರ್‌ಗಿಂತ ಕಡಿಮೆ ಇರುವವನು. ಅಂದರೆ 4ಕ್ಕೂ 10ಕ್ಕೂ ನಡುವಿನವನು ಇಲ್ಲಿ ‘ಸಣ್ಣವ’, ಅಲ್ಲಿ ಪೂರ್ತಿ ಅಳತೆ ಕೊಡಬೇಕಾದವ. ಎರಡೂ ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ಓದಿದವರಿಗೆ ಮಾತ್ರ ಈ ಬಿರುಕು ಕಾಣುತ್ತದೆ. ಹಾಗೆಯೇ, 2025ರ ಮೇನಲ್ಲಿ ಒಕ್ಕೂಟ ಭಾರತವನ್ನು ‘ಕಡಿಮೆ ಅಪಾಯ’ದ ಪಟ್ಟಿಗೆ ಹಾಕಿದ ಸುದ್ದಿ ಕೇಳಿ, ಇನ್ನು ಚಿಂತೆಯಿಲ್ಲ ಎಂದು ಬರೆದುಬಿಡುವುದು ಸುಲಭ. 13ನೇ ವಿಧಿ ತೆರೆದು ನೋಡಿ: ಅಪಾಯದ ಮೌಲ್ಯಮಾಪನಕ್ಕೆ ವಿನಾಯಿತಿ ಇದೆ, 9ನೇ ವಿಧಿಯ ಮಾಹಿತಿ ಸಂಗ್ರಹಕ್ಕೆ ಇಲ್ಲ. ಜಾಗದ ಗುರುತು ಕೊಡಲೇಬೇಕು.

ಭಾರತದ ಕಡೆಯ ನಿಲುವು ತಿಳಿಯಲು ವಿದೇಶಾಂಗ ಸಚಿವಾಲಯದ ತಾಣದಲ್ಲಿ ಜಂಟಿ ಹೇಳಿಕೆಗಳು, ವಕ್ತಾರರ ಪತ್ರಿಕಾಗೋಷ್ಠಿಯ ಪೂರ್ಣಪಾಠ, ಒಪ್ಪಂದಗಳ ಸಂಗ್ರಹ, ಸಂಸತ್ತಿನ ಪ್ರಶ್ನೋತ್ತರ ಇವೆ. ಪ್ರಶ್ನೋತ್ತರವನ್ನು ಹೊಸಬರು ಕಡೆಗಣಿಸುತ್ತಾರೆ. ಸರ್ಕಾರ ಲಿಖಿತವಾಗಿ ಅಂಕಿಸಂಖ್ಯೆ ಒಪ್ಪಿಕೊಳ್ಳುವುದು ಹೆಚ್ಚಾಗಿ ಚುಕ್ಕೆರಹಿತ (ಬರಹದಲ್ಲಷ್ಟೇ ಉತ್ತರ ಸಿಗುವ) ಪ್ರಶ್ನೆಗಳ ಉತ್ತರದಲ್ಲಿ.

ಎರಡು ದೇಶಗಳ ಮಾತುಕತೆಯ ಬಗ್ಗೆ ಬರೆಯುವುದಾದರೆ ಎರಡೂ ಕಡೆಯ ಹೇಳಿಕೆ ಇಳಿಸಿಕೊಂಡು ಸಾಲು ಸಾಲಾಗಿ ಹೋಲಿಸಿ. ಗಾಲ್ವಾನ್ ಘರ್ಷಣೆಯಾಗಿ ಎರಡೇ ದಿನಕ್ಕೆ, 2020ರ ಜೂನ್ 17ರಂದು ಎರಡೂ ದೇಶಗಳ ವಿದೇಶಾಂಗ ಸಚಿವರಾದ ಜೈಶಂಕರ್ ಮತ್ತು ವಾಂಗ್ ಯಿ ಫೋನಿನಲ್ಲಿ ಮಾತಾಡಿದರು. ಒಂದೇ ಕರೆ, ಭಾರತದ ಪ್ರಕಟಣೆ ಚೀನಾದ್ದು ಪೂರ್ವಯೋಜಿತ ಕೃತ್ಯ ಎಂದಿತು, ಚೀನಾದ ಪ್ರಕಟಣೆ ತಪ್ಪನ್ನು ಭಾರತದ ಮೇಲೆ ಹೊರಿಸಿತು. ಒಂದನ್ನೇ ಓದಿದರೆ ನೀವು ಸಂಶೋಧಕರಲ್ಲ, ಒಂದು ಕಡೆಯ ವಕ್ತಾರರು. ಪುಟಗಳು ಮಾಯವಾಗುವುದೂ ಉಂಟು. ಸಿಕ್ಕ ದಿನವೇ ಪಿಡಿಎಫ್ ಮಾಡಿಟ್ಟು, ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿಸಿ, ಝೋಟೆರೋದಲ್ಲಿ ದಿನಾಂಕಸಮೇತ ಸೇರಿಸಿ. ಝೋಟೆರೋ ಎಂಬುದು ಉಲ್ಲೇಖಗಳನ್ನು ಜೋಡಿಸಿಡುವ ಉಚಿತ ತಂತ್ರಾಂಶ. ಕೊನೆಯ ವಾರ ಕೂತು ಅಡಿಟಿಪ್ಪಣಿ ಹುಡುಕುವ ಪಾಡು ತಪ್ಪುತ್ತದೆ.

ಇಂಥ ಕೆಲಸಕ್ಕೆ ಎಐ ಚಾಟ್‌ಬಾಟ್ ಬಳಸಿದರೆ ಅದು ಕೊಡುವ ಪ್ರತಿಯೊಂದು ಉಲ್ಲೇಖವನ್ನೂ ತೆರೆದು ನೋಡಿ. ಇಲ್ಲದ ಲೇಖನಕ್ಕೆ ಇರುವ ಪ್ರಾಧ್ಯಾಪಕರ ಹೆಸರು ಅಂಟಿಸುವುದು ಅದಕ್ಕೆ ರೂಢಿ.

ಅಂಕಿಗಳ ಬಲೆ

ಇಂಟರ್ನ್‌ಗಳ ಕರಡಿನಲ್ಲಿ ತಪ್ಪು ನುಸುಳುವ ಮುಖ್ಯ ದಾರಿ ವ್ಯಾಪಾರದ ಅಂಕಿ. ವಾಣಿಜ್ಯ ಸಚಿವಾಲಯದ ದತ್ತಾಂಶ ಸಾಮಾನ್ಯವಾಗಿ ಏಪ್ರಿಲ್‌ನಿಂದ ಮಾರ್ಚ್‌ಗೆ ನಡೆಯುತ್ತದೆ. ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಜನವರಿಯಿಂದ ಡಿಸೆಂಬರ್‌ಗೆ. ಕಾಫಿ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್‌ಗೆ. ಮೂರರಿಂದಲೂ ಒಂದೊಂದು ಅಂಕಿ ಎತ್ತಿ ಒಂದೇ ಪಟ್ಟಿಗೆ ಹಾಕಿದರೆ ಏರಿಕೆಯೂ ಸುಳ್ಳು, ಇಳಿಕೆಯೂ ಸುಳ್ಳು. ಪಟ್ಟಿಯ ತಲೆಬರಹದಲ್ಲೇ ವರ್ಷದ ಬಗೆ ಬರೆಯಿರಿ.

ಮಾರುವ ದೇಶ ಹೇಳುವ ಬೆಲೆಯೂ ಕೊಳ್ಳುವ ದೇಶ ಹೇಳುವ ಬೆಲೆಯೂ ತಾಳೆಯಾಗುವುದಿಲ್ಲ. ರಫ್ತಿನ ಲೆಕ್ಕದಲ್ಲಿ ಹಡಗು ಹತ್ತುವವರೆಗಿನ ಬೆಲೆ ಮಾತ್ರ. ಆಮದಿನ ಲೆಕ್ಕಕ್ಕೆ ಸಾಗಣೆ, ವಿಮೆ ಸೇರುತ್ತವೆ. ಇನ್ನೊಂದು, ಬಂದರಿನ ಭ್ರಮೆ. ಭಾರತದ ಕಾಫಿ ಬೆಲ್ಜಿಯಂಗೆ ಹೋಗಿದೆ ಎಂದರೆ ಬೆಲ್ಜಿಯಂನವರೇ ಕುಡಿದರು ಎಂದಲ್ಲ. ಆಂಟ್ವರ್ಪ್ ಯುರೋಪಿನ ದೊಡ್ಡ ಕಾಫಿ ಗೋದಾಮು, ಅಲ್ಲಿಂದ ಬೇರೆ ದೇಶಗಳಿಗೆ ಸಾಗುತ್ತದೆ. ಪೆಟ್ರೋಲಿಯಂ ಉತ್ಪನ್ನಗಳಿಗೆ ನೆದರ್ಲೆಂಡ್ಸ್‌ನ ರಾಟರ್‌ಡಾಮ್ ಕೂಡ ಹೀಗೆಯೇ.

ಸರಕುಗಳನ್ನು ವಿಂಗಡಿಸುವ ಎಚ್‌ಎಸ್ ಕೋಡ್ ಮರೆಯಬೇಡಿ. ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ, ಭಾರತ ಎಂಟರವರೆಗೆ ಹೋಗುತ್ತದೆ. ಕಾಫಿ ಬೀಜ, ಹುರಿದ ಕಾಫಿ 0901ರಲ್ಲಿ. ಇನ್‌ಸ್ಟಂಟ್ ಕಾಫಿ 2101ರಲ್ಲಿ. ಅರಣ್ಯನಾಶ ನಿಯಮದ 2023ರ ಅನುಬಂಧದಲ್ಲಿ ಕಾಫಿಗೆ ಇದ್ದದ್ದು 0901 ಮಾತ್ರ. ಭಾರತದ ಕಾಫಿ ರಫ್ತಿನಲ್ಲಿ ಇನ್‌ಸ್ಟಂಟ್‌ಗೆ ದೊಡ್ಡ ಪಾಲಿದೆ. ಅದರಲ್ಲೂ ಒಂದಷ್ಟು ಹೊರದೇಶದ ಬೀಜ ತರಿಸಿ, ಪುಡಿಯಾಗಿಸಿ ಮರುರಫ್ತು ಮಾಡಿದ್ದು. ಒಟ್ಟು ರಫ್ತಿನ ಅಂಕಿ ಹಿಡಿದು ‘ಇಷ್ಟು ಕೋಟಿಯ ವ್ಯಾಪಾರಕ್ಕೆ ಕುತ್ತು’ ಎಂದು ಬರೆದರೆ, ಮೊದಲ ಸಭೆಯಲ್ಲೇ ಕಾಫಿ ಬಲ್ಲ ಯಾರಾದರೂ ವರದಿಯನ್ನು ಮಡಚಿ ಕೈಗಿಡುತ್ತಾರೆ.

ಶಸ್ತ್ರಾಸ್ತ್ರದ ವಿಷಯ ಹಿಡಿದವರಿಗೆ ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿಯ ದತ್ತಾಂಶ ಬೇಕೇ ಬೇಕು. ಅದರ ಟಿಐವಿ ಎಂಬ ಅಳತೆ ಡಾಲರ್ ಅಲ್ಲ. ಅದು ಆಯುಧದ ಸಾಮರ್ಥ್ಯವನ್ನು ತೂಗುವ ಸೂಚ್ಯಂಕ, ಕೊಟ್ಟ ದುಡ್ಡಿನ ಲೆಕ್ಕವಲ್ಲ. ‘ರಷ್ಯಾದಿಂದ ಇಷ್ಟು ಮಿಲಿಯನ್ ಡಾಲರ್ ಖರೀದಿ’ ಎಂದು ಅದನ್ನು ಅನುವಾದಿಸಿದ ಲೇಖನಗಳು ಈಗಲೂ ಕಾಣಸಿಗುತ್ತವೆ.

ಆರ್‌ಟಿಐ, ಸಂದರ್ಶನ, ಭೂಪಟ

ಮಾಹಿತಿ ಹಕ್ಕಿನ ಅರ್ಜಿ ಹಾಕುವುದಿದ್ದರೆ ಮೊದಲ ವಾರವೇ ಹಾಕಿ. ಕೇಂದ್ರ ಸರ್ಕಾರದ ಕಚೇರಿಗಳಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಸಮಾಧಾನವಾಗದೆ ಮೊದಲ ಮೇಲ್ಮನವಿ ಹಾಕಿದರೆ ಇನ್ನೊಂದು ತಿಂಗಳು ಸರಿಯುತ್ತದೆ. ಐದನೇ ವಾರ ಎಚ್ಚೆತ್ತವರಿಗೆ ವರದಿ ಮುಗಿದ ಮೇಲೆ ಉತ್ತರ ಬರುತ್ತದೆ. ‘ಈ ಬಗ್ಗೆ ಯುರೋಪಿನೊಂದಿಗೆ ನಡೆದ ಪತ್ರವ್ಯವಹಾರದ ಪ್ರತಿ ಕೊಡಿ’ ಎಂದು ಕೇಳಿದರೆ ಕಾಯ್ದೆಯ 8(1)(ಎ) ತೋರಿಸಿ ಬಾಗಿಲು ಹಾಕುತ್ತಾರೆ. ವಿದೇಶಗಳೊಂದಿಗಿನ ಸಂಬಂಧಕ್ಕೆ ಧಕ್ಕೆ ತರುವ ಮಾಹಿತಿಗೆ ಅಲ್ಲಿ ವಿನಾಯಿತಿ ಇದೆ. ಬದಲಿಗೆ ಒಳಗಿನ ಲೆಕ್ಕ ಕೇಳಿ: ಎಷ್ಟು ತೋಟಗಳ ಜಾಗದ ಗುರುತು ದಾಖಲಾಗಿದೆ, ಯಾವ ತಾಲೂಕಿನಲ್ಲಿ ಎಷ್ಟು, ಎಷ್ಟು ಖರ್ಚಾಗಿದೆ. ಇದಕ್ಕೆ ಆ ವಿನಾಯಿತಿ ಹೂಡುವುದು ಕಷ್ಟ.

ಸಂದರ್ಶನಕ್ಕೆ ಐದಾರು ಜನ ಸಾಕು, ಆದರೆ ಸರಪಳಿಯ ಬೇರೆ ಬೇರೆ ಕೊಂಡಿಯವರಾಗಿರಲಿ: ಬೆಳೆಗಾರ, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನವರು, ರಫ್ತುದಾರ, ಅಧಿಕಾರಿ. ರೆಕಾರ್ಡ್ ಮಾಡಬಹುದೇ, ಹೆಸರು ಹಾಕಬಹುದೇ ಎಂದು ಮೊದಲೇ ಕೇಳಿ. ಬೆಳೆಗಾರರನ್ನು ಕೊಯ್ಲಿನ ತಿಂಗಳಲ್ಲಿ ಹಿಡಿಯಲು ಹೋಗಬೇಡಿ. ಸಂಸ್ಥೆಯ ಮುಚ್ಚಿದ ಬಾಗಿಲ ಸಭೆಗೆ ಕೂರಿಸಿದರೆ ‘ಚಾಥಮ್ ಹೌಸ್ ನಿಯಮ’ ಎಂಬ ಮಾತು ಕಿವಿಗೆ ಬೀಳುತ್ತದೆ: ಕೇಳಿದ ವಿಷಯ ಬಳಸಬಹುದು, ಯಾರು ಹೇಳಿದ್ದು, ಅವರು ಯಾವ ಸಂಸ್ಥೆಯವರು ಎಂದು ಹೇಳುವಂತಿಲ್ಲ. ‘ಬೆಂಗಳೂರಿನಲ್ಲಿ ನೆಲೆಸಿರುವ, ಇಂಥ ದೇಶದಲ್ಲಿದ್ದ ನಿವೃತ್ತ ರಾಯಭಾರಿ’ ಎಂದು ಬರೆದರೂ ಹೆಸರು ಹೇಳಿದಂತೆಯೇ. ಅಂಥವರು ಊರಲ್ಲಿ ಇರುವುದೇ ಒಬ್ಬಿಬ್ಬರು. ಸಾರ್ವಜನಿಕ ಉಪನ್ಯಾಸಗಳಿಗೆ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ಗೆ ಹೋಗುತ್ತಿರಿ. ಪ್ರಶ್ನೋತ್ತರದ ಹೊತ್ತಿನಲ್ಲಿ ಭಾಷಣ ಮಾಡದೆ ಒಂದೇ ವಾಕ್ಯದ ಪ್ರಶ್ನೆ ಕೇಳಿದವರನ್ನು ಅತಿಥಿಗಳು ಕಾರ್ಯಕ್ರಮ ಮುಗಿದ ಮೇಲೂ ಮಾತಾಡಿಸುತ್ತಾರೆ.

ಭೂಪಟದ ಬಗ್ಗೆ ಒಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಸಿಗುವ ಉಚಿತ ನಕ್ಷೆಗಳಲ್ಲಿ ಜಮ್ಮು–ಕಾಶ್ಮೀರ, ಲಡಾಖ್, ಅರುಣಾಚಲದ ಗಡಿ ಬೇರೆ ರೀತಿ ಇರುತ್ತದೆ, ಕೆಲವೆಡೆ ಚುಕ್ಕೆ ಗೆರೆ. ಸರ್ವೇ ಆಫ್ ಇಂಡಿಯಾದ ನಕ್ಷೆಗೆ ಹೊಂದದ ಭಾರತದ ನಕ್ಷೆ ಪ್ರಕಟಿಸಿದರೆ 1961ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯಡಿ 6 ತಿಂಗಳವರೆಗೆ ಸೆರೆವಾಸದ ಶಿಕ್ಷೆ ಇದೆ. ಕೊಡಗಿನ ಕಾಫಿಯ ವರದಿಗೂ ಮುಖಪುಟದ ಅಲಂಕಾರಕ್ಕೆಂದು ಹಾಕಿದ ಪುಟ್ಟ ನಕ್ಷೆಗೂ ಇದು ಅನ್ವಯ. ಸರ್ವೇ ಆಫ್ ಇಂಡಿಯಾದ ತಾಣದಿಂದಲೇ ಇಳಿಸಿಕೊಳ್ಳಿ, ಇಲ್ಲವೇ ನಕ್ಷೆಯನ್ನೇ ಬಿಡಿ.

ಬರೆಯುವ ವಾರಗಳು

ನೌಕರಿಯವರಿಗೆ ವಾರಕ್ಕೆ 8ರಿಂದ 10 ಗಂಟೆ ಎಂದು ಹಿಡಿಯಿರಿ. ಹನ್ನೆರಡು ವಾರಕ್ಕೆ ಹೆಚ್ಚೆಂದರೆ 120 ಗಂಟೆ. ಸಿಲ್ಕ್ ಬೋರ್ಡ್ ದಾಟಿ ದಿನಾ ಕಚೇರಿಗೆ ಬನ್ನಿ ಎಂದರೆ ಅದರಲ್ಲಿ ಅರ್ಧ ರಸ್ತೆಗೇ ಹೋಗುತ್ತದೆ. ವಾರಕ್ಕೊಮ್ಮೆ ಮುಖಾಮುಖಿ, ಉಳಿದದ್ದು ಮನೆಯಿಂದ ಎಂದು ಮೊದಲೇ ಮಾತಾಡಿಕೊಳ್ಳಿ. ಎಂಟನೇ ವಾರಕ್ಕೆ ಓದು ನಿಲ್ಲಿಸಿ. ಇನ್ನೊಂದು ವರದಿ ಓದಿಬಿಡುತ್ತೇನೆ ಎನ್ನುತ್ತ ಕರಡು ಬರೆಯದೇ ಮುಗಿಸಿದವರು ಬಹಳ.

ನೀತಿ ಟಿಪ್ಪಣಿ 1,500ರಿಂದ 2,000 ಪದ. ಪರೀಕ್ಷೆಯ ಉತ್ತರದಂತೆ ಹಿನ್ನೆಲೆಯಿಂದ ಆರಂಭಿಸದೆ ತೀರ್ಮಾನವನ್ನು ಮೊದಲ ಪ್ಯಾರಾದಲ್ಲೇ ಇಡಿ. ಓದುವ ಅಧಿಕಾರಿ ಎರಡನೇ ಪುಟಕ್ಕೆ ಬರುತ್ತಾನೆ ಎಂಬ ಭರವಸೆ ಇಲ್ಲ. ಶಿಫಾರಸು ಮೂರಕ್ಕೆ ಮೀರದಿರಲಿ. ಪ್ರತಿಯೊಂದಕ್ಕೂ ಯಾರು, ಯಾವ ಅಧಿಕಾರದಡಿ, ಯಾರ ದುಡ್ಡಿನಲ್ಲಿ ಎಂಬ ಉತ್ತರ ಬೇಕು. ‘ಸರ್ಕಾರ ಬೆಳೆಗಾರರಿಗೆ ನೆರವಾಗಬೇಕು’ ಎಂಬುದು ಶಿಫಾರಸಲ್ಲ, ಹಾರೈಕೆ. ‘4 ಹೆಕ್ಟೇರ್ ಮೀರಿದ ತೋಟಗಳ ಸುತ್ತಳತೆ ದಾಖಲಿಸುವ ಹೊಣೆಯನ್ನು ಕಾಫಿ ಮಂಡಳಿ ಹೊರಲಿ, ದತ್ತಾಂಶ ಬೆಳೆಗಾರನ ಒಪ್ಪಿಗೆಯಿಲ್ಲದೆ ಖರೀದಿದಾರನಿಗೆ ಹೋಗದಿರಲಿ’ ಎಂದರೆ ಅದರ ಮೇಲೆ ಜಗಳವಾದರೂ ಆಡಬಹುದು.

ಕರಡು ಕೆಂಪಾಗಿ ವಾಪಸ್ ಬಂದರೆ ಖುಷಿಪಡಿ. ತಿದ್ದದೆ ‘ಚೆನ್ನಾಗಿದೆ’ ಎಂದು ಕಳಿಸಿದ್ದರೆ ಯಾರೂ ಓದಿಲ್ಲ ಎಂದೇ ಅರ್ಥ; ಆಗ ಒಂದು ನಿರ್ದಿಷ್ಟ ಪ್ಯಾರಾ ತೋರಿಸಿ ಅಭಿಪ್ರಾಯ ಕೇಳಿ.

ಅನುಭವ ಪತ್ರವನ್ನು ಹತ್ತನೇ ವಾರಕ್ಕೇ ಕೇಳಿ. ನಿಮ್ಮ ಮೇಲ್ವಿಚಾರಕರು ಬೇರೆ ಕೆಲಸಕ್ಕೆ ಹಾರಿಹೋಗುವ ಸಾಧ್ಯತೆ ಸದಾ ಇರುತ್ತದೆ. ‘ಇಂಟರ್ನ್ ಆಗಿ ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ’ ಎಂಬ ಒಂದು ಸಾಲಿನ ಪತ್ರದಿಂದ ಪ್ರಯೋಜನವಿಲ್ಲ. ಶುರುವಾದ ಮತ್ತು ಮುಗಿದ ದಿನಾಂಕ, ಸುಮಾರು ಎಷ್ಟು ಗಂಟೆ, ವರದಿಯ ಶೀರ್ಷಿಕೆ, ನೀವೇ ಮಾಡಿದ ಕೆಲಸ ಯಾವುದು (ದತ್ತಾಂಶ, ಸಂದರ್ಶನ, ಬರವಣಿಗೆ) ಇವಿಷ್ಟೂ ಇರಲಿ. ಕರಡನ್ನು ನೀವೇ ಬರೆದು ಕಳಿಸಿ, ಅವರು ತಿದ್ದಿ ಸಹಿ ಹಾಕುತ್ತಾರೆ.